ಗಂಟೆ ಬಡಿಯುವವನ ಲೆಕ್ಕ

ಎಂಟುನೂರ ನಲವತ್ತು ಮನೆ.
ಅಷ್ಟೇ ಇದ್ದದ್ದು ಸೆವರಿನ್ ಪಾಯ್ಸರ ಇಡೀ ಸಾಮ್ರಾಜ್ಯ.
ತಿಂಗಳಿಗೆ ಇನ್ನೂರೈವತ್ತು ಹೆಚ್ಚು ಕೊಟ್ಟವರ ಡಬ್ಬಿಗೆ ಮಾತ್ರ
ಶನಿವಾರ ರಾತ್ರಿ ಹತ್ತಕ್ಕೆ ತೆರೆದುಕೊಳ್ಳುತ್ತಿತ್ತು
ಹೊಯ್ಗೆಬಜಾರಿನ ಮುಚ್ಚಿದ ಹಂಚಿನ ಕಾರ್ಖಾನೆ,
ಒಳಗೆ ನಾಲ್ಕು ಕಂಬ, ನಾಲ್ಕು ಸುತ್ತು ಹಗ್ಗ,
ಮೂಲೆಯಲ್ಲಿ ನಾನು, ಇದಿನಬ್ಬ,
ಮುರಿದ ಮಂಜಿಯಿಂದ ಬಿಚ್ಚಿ ತಂದ ಹಿತ್ತಾಳೆ ಗಂಟೆಯ ಮುಂದೆ.

ಲಕ್ಷದ್ವೀಪಕ್ಕೆ ಜಲ್ಲಿ, ಈರುಳ್ಳಿ ಹೊತ್ತ ಮಂಜಿ ಅದು.
ಗಂಟೆಗೊಂದು ಸೀಳು ಉಂಟು; ಬಡಿದರೆ
ಸದ್ದು ಮುಗಿದ ಮೇಲೂ ಒಂದು ಬಾಲ ಉಳಿಯುತ್ತದೆ.
ಆ ಬಾಲದೊಳಗೆ ಎಷ್ಟು ಗುದ್ದು ಬಿದ್ದಿದೆಯೋ,
ಲೆಕ್ಕ ಇಟ್ಟವರಿಲ್ಲ.

ದುಡ್ಡು ಕೊಟ್ಟವರಿಗೆ ಮುಖ ಇತ್ತು ಆಗ.
ಬಿಜೈಯ ದಂತವೈದ್ಯ ಫೋನು ಮಾಡುತ್ತಿದ್ದ:
ಆ ಹುಡುಗನ ಕೆಳದವಡೆಯ ಎರಡನೇದು ಅಲ್ಲಾಡ್ತಾ ಉಂಟು, ಕಳಿಸಿ.
ಕದ್ರಿ ಕಂಬಳದ ವಕೀಲರಿಗೆ ರಕ್ತ ಕಡಿಮೆಯಾದರೆ
ಬಾಕಿ ಕೊಡಲು ಮನಸ್ಸಿಲ್ಲ.
ಪಾಯ್ಸರು "ಆಯ್ತು ಸಾರ್" ಅನ್ನುತ್ತಿದ್ದರು,
ಫೋನಿಟ್ಟ ಮೇಲೆ ಕೊಂಕಣಿಯಲ್ಲಿ ಬೈಯುತ್ತಿದ್ದರು.

ಮತ್ತೆ ಒಂದು ದಿನ ಬಿಳಿ ಕಾರು ಬಂತು.
ಎಲ್ಲರ ಮನೆಗೂ ಪುಕ್ಕಟೆ ಬರುವ ಚಾನೆಲು.
ಭಾನುವಾರ ಏಳೂವರೆ, ಅತ್ತೆ ಸೊಸೆಯ ಜಗಳ ಮುಗಿದ ಕೂಡಲೆ,
ಟಿವಿಯ ಮುಂದಿನಿಂದ ಯಾರೂ ಏಳುವ ಮೊದಲು.
ಎಪ್ಪತ್ತು ಲಕ್ಷ ಮನೆ, ಇದಿನಬ್ಬ! ಅಂದರು ಪಾಯ್ಸರು,
ಸಹಿ ಹಾಕುವಾಗ ಕೈ ನಡುಗಿತು.
ನನಗೆ ಅಷ್ಟು ಬಾಗಿಲು ಯೋಚಿಸಲಿಕ್ಕೇ ಆಗಲಿಲ್ಲ.

ಹೊಸ ಕಾನೂನು: ರಕ್ತ ಬಂದರೆ ಕ್ಯಾಮರಾ ಜನರ ಕಡೆ ತಿರುಗಬೇಕು.
ಜನ ಸಾಲದಿದ್ದರೆ ಬಸ್ಸಿನಲ್ಲಿ ತರಿಸುವುದು, ತಲೆಗೊಂದು ಬಿರಿಯಾನಿ.
ಲತೇಶ ಕರ್ಕೇರ ಇನ್ನು ಮೇಲೆ ಲತೇಶ ಅಲ್ಲ, ಕರಾವಳಿ ಸಿಡಿಲು.
ಸುತ್ತಿನ ನಡುವಿನ ಒಂದು ನಿಮಿಷ ಎರಡಾಗಬೇಕು;
ಸಾಬೂನು, ಸಾಲ, ಸಿಮೆಂಟು.
ಎರಡು ನಿಮಿಷದಲ್ಲಿ ಬೆವರು ಆರುತ್ತದೆ,
ಗಾಯಕ್ಕೆ ತಾನು ಗಾಯ ಅಂತ ಗೊತ್ತಾಗುತ್ತದೆ.
ನನ್ನ ಗಂಟೆ ಟಿವಿಗೆ ಬೇಡವಂತೆ, ಒಡಕಂತೆ.
ಅಲ್ಲಿ ಕೇಳುವುದು ಎಲ್ಲಿಯೋ ಮಾಡಿಟ್ಟ ಠಣ್.
ರಿಂಗಿನೊಳಗಿನ ಇಬ್ಬರಿಗೆ ಮಾತ್ರ ನಾನು.

ಬೇಜಾರು ಎಂತ ಇಲ್ಲ. ಸಂಬಳ ಮೂರು ಪಟ್ಟು.
ಪಾಯ್ಸರು ಕೋಟು ಹೊಲಿಸಿದರು,
ದಂತವೈದ್ಯನ ಫೋನು ಎತ್ತುವುದಿಲ್ಲ ಈಗ.

ಎರಡನೇ ಭಾನುವಾರ ಕಳೆದು ಸೋಮವಾರ
ತೋಟ ಬೆಂಗ್ರೆಯಿಂದ ಮೊದಲ ದೋಣಿ ಹತ್ತಿ
ಲತೇಶನ ತಾಯಿ ಬಂದಳು, ವಾರಿಜಕ್ಕ,
ತಲೆಯಲ್ಲಿ ಮೀನಿನ ಬುಟ್ಟಿ, ನೀರು ಇಳಿಯುತ್ತಾ ಇತ್ತು.
ಏಳು ವರ್ಷ ಮಗ ಪೆಟ್ಟು ತಿಂದದ್ದು
ಅವಳಿಗೆ ಗೊತ್ತಿದ್ದದ್ದು ಊದಿದ ಕೆನ್ನೆಯಿಂದ,
ಬರೀ ಗಂಜಿ ಕುಡಿಯುವ ದಿನಗಳಿಂದ.
ಇನ್ನೂರೈವತ್ತರ ಡಬ್ಬಿ ಅವಳ ಓಣಿಯಲ್ಲಿ ಯಾರಿಗೂ ಇರಲಿಲ್ಲ.
ನಿನ್ನೆ ನೋಡಿದಳು. ಪುಕ್ಕಟೆ.

ಪಾಯ್ಸರನ್ನು ಕೇಳಲಿಲ್ಲ. ನನ್ನ ಮುಂದೆ ನಿಂತು
ಗಂಟೆ ಬಡಿಯುವುದು ನೀನಾ? ಅಂದಳು.
ಮಿಷನ್ನು ಅಂತ ಹೇಳಬಹುದಿತ್ತು.
ನಾನು, ಅಂದೆ.
ಸ್ವಲ್ಪ ಬೇಗ ಬಡಿದರೆ ನಿನ್ನ ಗಂಟೆಂತ ಹೋಗ್ತದೆ?

ಎಂಟುನೂರ ನಲವತ್ತು ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ ಇದನ್ನು.
ಮೂರು ನಿಮಿಷ ಅಂದರೆ ಮೂರು ನಿಮಿಷ, ಅಕ್ಕ,
ಅಂತ ಬಾಯಿ ತನಕ ಬಂತು.
ಅವಳು ಗಂಟೆಯ ಸೀಳಿಗೆ ಹೆಬ್ಬೆರಳಿಟ್ಟು ನೋಡಿದಳು,
ಬಂಗುಡೆಯ ಕಿವಿರು ಎತ್ತಿ ಹಳತೋ ಹೊಸತೋ ನೋಡುವ ಹಾಗೆ.
ಮತ್ತೆ ಮಾರ್ಕೆಟಿಗೆ ಹೋದಳು. ತಡವಾಗಿತ್ತು.

ಮೂರನೇ ಭಾನುವಾರ, ನಾಲ್ಕನೇ ಸುತ್ತು.
ಸಿಡಿಲು ಹಗ್ಗಕ್ಕೆ ಒರಗಿ, ಒಂದೇ ಕಣ್ಣಿನಲ್ಲಿ
ಎಂತದನ್ನೋ ಹುಡುಕುತ್ತಾ ಇದ್ದಾಗ
ನನ್ನ ಕೈ ಎದ್ದದ್ದು ಎರಡು ನಿಮಿಷ ಐವತ್ತಕ್ಕೆ.

ಚಾನೆಲಿನಿಂದ ಫೋನು:
ಹತ್ತು ಸೆಕೆಂಡು ಕಡಿಮೆ ಉಂಟಲ್ಲ, ಅದರ ರೇಟು ಗೊತ್ತುಂಟಾ?
ಪಾಯ್ಸರು ನನ್ನ ಕಡೆ ನೋಡಿದರು.
ನಾನು ಗಂಟೆ ಒರೆಸುತ್ತಾ ಇದ್ದೆ.
"ಆಯ್ತು ಸಾರ್," ಅಂದರು, ಫೋನಿಟ್ಟರು,
ತುಂಬಾ ದಿನದ ಮೇಲೆ
ಕೊಂಕಣಿಯಲ್ಲಿ ಬೈದರು.
ಯಾರಿಗೆ ಅಂತ ನಾನು ಕೇಳಲಿಲ್ಲ.