ಎಂಟನೇ ದಿನದ ನೀರು

ಬೆಳಗಿನ ನಾಕಕ್ಕ ಎದ್ದು
ಕೌಲಪೇಟಿಯ ಗುಂಡಿಯೊಳಗ ಬಾಗಿ
ಚಾವಿ ತಿರುವಿದಾಂವ ನಾನು, ಇಪ್ಪತ್ತಾರು ವರ್ಷ.
ಎಂಟು ದಿನಕ್ಕೊಮ್ಮೆ ಬರೂ ನೀರಿಗೆ
ಓಣಿ ಓಣಿಯ ಬೈಗಳ ನನ್ನ ಹೆಸರಿಗೇ ಜಮಾ.
ಅಂಥಾವನ ಎಡಗಡೆ ಎದಿಯೊಳಗ
ಯಾರೂ ಚಾವಿ ತಿರುವದ ನೀರು
ಬಂದು ಕುಂತಾವಂತ, ಒಂದೂವರಿ ಲೀಟರ್.

ಕಿಮ್ಸಿನ ಡಾಕ್ಟರಬಾಯಿ, ನನ್ನ ಮಗಳ ವಾರಗಿಯಾಕಿ,
ಬೆನ್ನಿನ ಮ್ಯಾಲೆ ಬೆರಳಿಟ್ಟು ಬೆರಳಿಂದ ಬಡದಳು.
ಮ್ಯಾಲೆ ಟಣಟಣ, ಕೆಳಗ ಮುಕ್ಕ.
ನಾನೂ ಹಿಂಗ ಬಡದ ನೋಡತಿದ್ದೆ ಬ್ಯಾರಲ್ಲು,
ನೀರು ಎಲ್ಲೀತನಕ ಅದಾವಂತ.
ತುಂಬಿದ ಕೊಡ ತುಳಕೂದಿಲ್ಲ ಖರೆ,
ತುಂಬಿದ ಎದಿ ಮಲಗಗೊಡೂದಿಲ್ರಿ ಬಾಯಾರ.
ಮೂರು ವಾರಾತು, ಗ್ವಾಡಿಗೆ ಆನಕೊಂಡು
ಕುಂತಲ್ಲೇ ನಿದ್ದಿ.

ಎಲ್ಲಿಂದ ಬಂದಾವ್ರಿ, ಅಂದೆ.
ಹುಡುಕೂದ ಅದನ್ನ, ಅಂದಳು.
ಪುಪ್ಪಸಕ್ಕ ಎರಡು ಪದರಿನ ತೆಳು ಹೊದಿಕಿ,
ನಡುವ ಚಮಚಾದಷ್ಟು ಪಸಿ ಸಾಕಂತ
ಉಸರು ಜಾರಿ ಆಡಾಕ.
ಹಾರ್ಟು ಸೋತು ಪಂಪು ಎಳೀದಿದ್ರ
ಹಿಂದಿನ ಒತ್ತಡಕ್ಕ ನೀರು ಜಿನಗತಾವಂತ.
(ಗೊತ್ತೈತ್ರಿ. ನೀರಸಾಗರದ ಲೈನಿನ್ಯಾಗ ನೋಡೇನಿ.)
ಲಿವರು ಸೊರಗಿದ್ರ, ಕಿಡ್ನಿ ಸತ್ವ ಚೆಲ್ಲಿದ್ರ
ರಕ್ತ ತಿಳಿಸಾರಿನಂಗಾಗಿ
ತನ್ನ ನೀರು ತಾನ ಹಿಡಕೊಳ್ಳೂದಿಲ್ಲಂತ.
ಇಲ್ಲಾ, ಪೈಪಿಗೇ ಹುಣ್ಣಾಗೇತಿ:
ನಿಮೋನಿಯಾ, ಟೀಬಿ, ಇಲ್ಲಂದ್ರ...

ಮೂರನೇದ್ದ ಆಕಿ ಹೇಳಲಿಲ್ಲ.
ಬಾಗಿಲದಾಗ ನಿಂತ ರಸೂಲಬೀನ ನೋಡಿ
ಸೂಜಿಯ ಪಾಕೀಟು ಹರದಳು.

ಮೇಜಿನ ಮ್ಯಾಲೆ ತಲಿ ಇಟ್ಟು ಬಾಗಿದೆ,
ಗುಂಡಿಗೆ ಬಾಗಿಧಂಗ.
ಬಣ್ಣ ನೋಡಿ ಹೇಳತಿದ್ದೆ ನಾನು:
ಕೆಂಪಿದ್ರ ಮಣ್ಣು ಹೊಕ್ಕೈತಿ,
ನಾತ ಬಡದ್ರ ಗಟಾರ ಕೂಡೇತಿ.
ನಳಿಗ್ಯಾಗ ಹನಿ ಹನಿ ಇಳದು ಬಾಟಲಿ ತುಂಬತು,
ಒಣಗಿದ ಕಣಕಿ ನೆನಸಿಟ್ಟ ನೀರಿನ ಬಣ್ಣ.
ಕೆಂಪಿಲ್ಲಂತ ರಸೂಲಬಿ
ಸೆರಗು ಬಾಯಿಗಿಟ್ಟು ಏನೋ ಪಿಸಗುಟ್ಟಿದಳು.
ಬಣ್ಣದ ಮಾತು ನಂಬಬ್ಯಾಡ್ರಿ, ಟೀಬಿ ಇದ್ದೀತು,
ಲ್ಯಾಬಿಗೆ ಹೋಗಲಿ, ಅಂದಳು ಡಾಕ್ಟರಬಾಯಿ.

ಅಷ್ಟರಾಗ ಫೋನು. ಓಣಿಯ ಹುಸನವ್ವ:
ನೀರು ಯಾವಾಗ ಬಿಡ್ತೀಯೋ ಮೋದೀನ,
ಕೊಡ ಎಲ್ಲಾ ಬೋರಲ ಬಿದ್ದಾವು!
ಬಯ್ಯಲಿ. ಮೂರು ವಾರದ ಮ್ಯಾಲೆ
ಉಸರೊಂದು ತಳದ ತನಕ ಇಳದು
ಕೆಮ್ಮಾಗಿ ಮ್ಯಾಲೆ ಬಂತು,
ಎಷ್ಟೋ ದಿನ ಮುಚ್ಚಿದ ನಳದೊಳಗಿಂದ
ಮೊದಲ ಗಾಳಿ ಗೊರಗುಟ್ಟಿಧಂಗ.

ರಿಪೋರ್ಟು ಎಂಟನೇ ದಿನಕ್ಕಂತ.
ಹೆಂಗ ಕಾಯತಾರಂತ
ಹುಸನವ್ವನ್ನ ಕೇಳಬೇಕು.