ಡಿಪೋ

ನಮ್ಮ ಪೋಲಿಷಿನಲ್ಲಿ ವುಚ್ ಅಂದರೆ ದೋಣಿ.
ತೇಲಿಸೋಣವೆಂದರೆ ಊರಲ್ಲೆಲ್ಲೂ ಹೊಳೆ ಕಾಣುವುದಿಲ್ಲ,
ಗಿರಣಿಗಳ ಕಾಲದಲ್ಲಿ ಕೊಳವೆಗೆ ತುರುಕಿ ಹೂತರು ಅದನ್ನು,
ನನ್ನ ಟ್ರಾಮಿನ ಗಾಲಿಗಳ ಕೆಳಗೆ.

ಇಪ್ಪತ್ತೆರಡು ವರ್ಷದಿಂದ ಓಡಿಸುತ್ತಿದ್ದೇನೆ.
ಕೂತು ಕೂತು ಬಂದ ಬೆವರುಸಾಲೆ ಎಂದುಕೊಂಡೆ ಮೊದಲು.
ಆಮೇಲೆ ಉಚ್ಚೆ ಹೊಯ್ದರೆ ಕೆಂಡ,
ಗುಳ್ಳೆ ಒಡೆದು ಹುಣ್ಣು.
ಪಾಳಿಯವರ ಕಕ್ಕಸಿನ ಸೀಟಿಗೆ ಮನಸಾರೆ ಶಾಪ ಹಾಕಿದೆ.

ಡಾಕ್ಟರ್ ಯಗೋದಾ ಹತ್ತಿಯ ಕಡ್ಡಿ ತಾಗಿಸಿ ಲ್ಯಾಬಿಗೆ ಕಳಿಸಿ
ಗುರುವಾರ ಕರೆದು ಹೇಳಿದಳು: ಹರ್ಪಿಸ್.
ಪಾಪ, ಆ ಸೀಟಿನ ತಪ್ಪೇನಿಲ್ಲ.

ಯಾರಿಂದ?
ತಿಮೊನ್ ನನ್ನ ಮನೆಗೆ ಬಂದು ಎಂಟೇ ತಿಂಗಳು.
ಆಕೆ ಕನ್ನಡಕ ಒರೆಸಿಕೊಂಡಳು.
ಅವನಿರಬಹುದು. ಬಿಟ್ಟುಹೋದ ಗಂಡನಿರಬಹುದು.
ತುಟಿಯಂಚಲ್ಲಿ ಜ್ವರದ ಗುಳ್ಳೆಯಿದ್ದ ಯಾರದೋ ಮುತ್ತು,
ತುಟಿಗಲ್ಲದೆ ಬೇರೆಡೆ ಇಟ್ಟದ್ದು, ಅದೂ ಇರಬಹುದು.
ಹೊತ್ತವರಲ್ಲಿ ಹೆಚ್ಚಿನವರಿಗೆ ಹೊತ್ತದ್ದೇ ಗೊತ್ತಿರುವುದಿಲ್ಲ.

ಚೀಟಿಯ ಹಿಂಬದಿಗೆ ಬೆನ್ನುಮೂಳೆ ಬರೆದಳು,
ಮುರುಕು ಬಾಚಣಿಗೆಯ ಹಾಗಿತ್ತು.
ಬುಡದ ಹತ್ತಿರ ಒಂದು ಚುಕ್ಕಿ.
ಹುಣ್ಣು ಮಾಯುತ್ತೆ. ಅದು ನರ ಹಿಡಿದು ಹಿಂದೆ ಸರಿದು
ಇಲ್ಲಿ ಮಲಗುತ್ತೆ. ತಾನೂ ಸಾಯದು, ನಿನ್ನನ್ನೂ ಸಾಯಿಸದು.
ದಣಿದಾಗ, ಜ್ವರ ಬಂದಾಗ, ಕೆಲವು ಸಲ ಸುಮ್ಮಸುಮ್ಮನೆ
ಎದ್ದು ಅದೇ ದಾರಿಯಲ್ಲಿ ಬರುತ್ತೆ.

ಡಿಪೋ, ಅಂದೆ.
ಏನು?
ಆ ಚುಕ್ಕಿ. ಡಿಪೋ ಅದು. ಹಳಿ ಬಿಟ್ಟು ಎಲ್ಲಿಗೆ ಹೋದೀತು?
ಆಕೆ ನಕ್ಕಳು.
ಆ ವಾರ ನಾನು ನಕ್ಕಿದ್ದೂ ಅದೊಂದೇ ಸಲ.

ಮಾತ್ರೆ ಇದೆ, ಬಾಗಿಲು ಪೂರ್ತಿ ಮುಚ್ಚದು, ಒರಗಿಸಿಡುತ್ತದೆ.
ಕಾಂಡೋಮ್ ಇದೆ, ಅದೂ ಅಷ್ಟೇ.
ಹುಣ್ಣಿಲ್ಲದ ದಿನವೂ ಒಮ್ಮೊಮ್ಮೆ
ನಂಬರಿಲ್ಲದೆ, ದೀಪವಿಲ್ಲದೆ
ಒಂಟಿ ಟ್ರಾಮ್ ಹೊರಟುಬಿಡುವುದುಂಟು.
ಅವನಿಗೆ ಹೇಳಬೇಕು ನೀನು, ಅಂದಳು.
ಹೇಳುವುದಕ್ಕೆ ಮಾತ್ರೆಯಿಲ್ಲ.

ತಿಮೊನ್ ಬೀಟ್‌ರೂಟ್ ಸುಲಿಯುತ್ತಿದ್ದ, ಮಣಿಕಟ್ಟಿನವರೆಗೂ ಕೆಂಪು.
ನಿಲ್ದಾಣಗಳ ಹೆಸರು ಕೂಗುವ ದನಿಯಲ್ಲೇ ಹೇಳಿ ಮುಗಿಸಿದೆ,
ಒಂದನ್ನೂ ಬಿಡದೆ.
ಅವನು ನಲ್ಲಿ ತಿರುಗಿಸಿದ. ಬಹಳ ಹೊತ್ತು ಕೈ ತೊಳೆದ.
ನೀರು ಕೆಂಪಾಗಿ, ಗುಲಾಬಿಯಾಗಿ, ತಿಳಿಯಾಗಿ
ಕೆಳಗಿನ ಕೊಳವೆಗೆ ಇಳಿಯುತ್ತಲೇ ಇತ್ತು.
ಪ್ರತಿ ಚಳಿಗಾಲ ನನಗೆ ಇಲ್ಲಿ, ಎಂದು
ಒದ್ದೆ ಬೆರಳನ್ನು ತುಟಿಯವರೆಗೆ ತಂದು
ತಾಗಿಸದೆ ನಿಲ್ಲಿಸಿದ.

ನಾಳೆ ನನ್ನದು ಮೊದಲ ಟ್ರಾಮ್.
ನಾಲ್ಕೂಕಾಲಿಗೆ ಅಲಾರಂ ಇಟ್ಟೆ.
ಹಾಸಿಗೆಯ ಅವನ ಬದಿಗೆ
ದಿಂಬನ್ನು ಇಟ್ಟೂ ಬಂದೆ.