ಅಡಕ: ದಾರ, ಒಂದು

ಲಕೋಟೆ ಒಡೆದಾಗ ಮೊದಲು ಬಿದ್ದದ್ದು ದಾರ.
ನೀಲಿ ಉಣ್ಣೆ. ಯಾವುದೋ ಸ್ವೆಟರಿನ ತೋಳು ಬಿಚ್ಚಿ ಎಳೆದದ್ದು,
ಸುಕ್ಕು ಸುಕ್ಕು, ಹೆಣಿಗೆ ಇನ್ನೂ ಮರೆತಿಲ್ಲ.
ನಡುನಡುವೆ ಗಂಟು.

ಆಮೇಲೆ ಕಾಗದ:
"ಇಲ್ಲಿ ಅಳತೆಪಟ್ಟಿ ಇಟ್ಟುಕೊಳ್ಳಲು ಬಿಡುವುದಿಲ್ಲ, ಮಾನ್ಯರೇ.
ಮೊದಲ ಗಂಟಿನ ತನಕ ಕೋಣೆಯ ಉದ್ದ,
ಅಲ್ಲಿಂದ ಎರಡನೆಯದಕ್ಕೆ ಅಗಲ,
ಉಳಿದ ಚಿಕ್ಕ ತುಂಡುಗಳೆರಡು ಪಾಯಿಖಾನೆಯವು.
ನಾವು ಆರು ಜನ.
ಗುಣಾಕಾರ ಭಾಗಾಕಾರ ತಾವೇ ಮಾಡಿಕೊಳ್ಳಬೇಕು,
ನಾನು ಓದಿದ್ದು ಏಳನೇ ಕ್ಲಾಸು."
ಸಹಿ, ಲಿವಿಯು ಕ್ರೆಟ್ಸು.
ಡ್ಯಾನ್ಯೂಬ್ ದಡದ ಒಂದು ಜೈಲು.

ಸ್ಟ್ರಾಸ್‌ಬರ್ಗಿನ ಈ ನ್ಯಾಯಾಲಯದಲ್ಲಿ ನನಗೆ ಹನ್ನೊಂದು ವರ್ಷ.
ನನ್ನ ಭಾಷೆಯ ದೂರುಗಳೆಲ್ಲ ನನ್ನ ಮೇಜಿಗೇ.
ತಿಗಣೆಯನ್ನು ಚಿತ್ರ ಬರೆದು ಕಳಿಸಿದವರುಂಟು,
ಅನ್ನದ ಬಟ್ಟಲ ಸುತ್ತಳತೆಯನ್ನು ಪೆನ್ನಿನಲ್ಲಿ ಗೀರಿದವರುಂಟು.
ಇವನೋ ತನ್ನ ಮೈಮೇಲಿನದನ್ನೇ
ಎಳೆ ಎಳೆಯಾಗಿ ಬಿಡಿಸಿಟ್ಟಿದ್ದಾನೆ.

ಬಾಗಿಲು ಹಾಕಿ, ಮೇಜಿನುದ್ದಕ್ಕೂ ಹಾಸಿದೆ.
ಎಳೆದರೆ ಕೋಣೆ ಹಿಗ್ಗುತ್ತದೆ,
ಸಡಿಲ ಬಿಟ್ಟರೆ ಗೋಡೆಗಳು ಹತ್ತಿರ ಬರುತ್ತವೆ.
ನನ್ನಮ್ಮ ದರ್ಜಿ, ಹೇಳುತ್ತಿದ್ದಳು:
ಉಣ್ಣೆ ಅಳೆಯುವಾಗ ಜಗ್ಗಬೇಡ ಇಲಿಂಕಾ,
ಜಗ್ಗಿದವರು ಹೇಳಿಸಿದ್ದನ್ನೇ ಅದು ಹೇಳುತ್ತದೆ.

ಜಗ್ಗಲಿಲ್ಲ.
ಐದು ಮೀಟರು ಹತ್ತು. ಮೂರು ಅರವತ್ತು.
ಪಾಯಿಖಾನೆ ಕಳೆದು, ಆರರಿಂದ ಭಾಗಿಸಿ,
ತಲೆಗೆ ಎರಡು ಪಾಯಿಂಟ್ ಎಂಬತ್ತಾರು ಚದರ ಮೀಟರು.
ಮೂರಕ್ಕಿಂತ ಕಡಿಮೆಯಾದರೆ ನಮಗೆ ಅದು ಅಮಾನುಷ,
ಸರ್ಕಾರ ಸಮರ್ಥಿಸಿಕೊಳ್ಳಬೇಕು.
ಸರ್ಕಾರದ ವಕೀಲರು ಪಾಯಿಖಾನೆಯನ್ನೂ ಸೇರಿಸುತ್ತಾರೆ, ಗೊತ್ತು,
ಆಗ ಮೂರು ದಾಟುತ್ತದೆ.
ನಡುವಿನ ಅಂತರ
ನಾನು ಕೂತ ಈ ಕುರ್ಚಿಯ ಆಸನದಷ್ಟು.
ಎದ್ದು ನಿಂತು ನೋಡಿದೆ.

ಆಮೇಲೆ ತಾರೀಕು ನೋಡಿದೆ. ಮೊದಲೇ ನೋಡಬೇಕಿತ್ತು,
ಹೊಸಬರಿಗೆ ನಾನೇ ಕಲಿಸುವ ಮೊದಲ ಪಾಠ ಅದು.
ಆ ಕೋಣೆಯಿಂದ ಅವನನ್ನು ಬೇರೆ ಜೈಲಿಗೆ ಸಾಗಿಸಿದ್ದು ಮಾರ್ಚ್ ಒಂಬತ್ತಕ್ಕೆ.
ಅಂಚೆಮುದ್ರೆ ಜುಲೈ ಹನ್ನೆರಡರದು.
ನಾಲ್ಕು ತಿಂಗಳು ಮೂರು ದಿನ.

ಮೊದಲು ಆರು ತಿಂಗಳ ಗಡುವಿತ್ತು.
ಅದನ್ನು ನಾಲ್ಕಕ್ಕಿಳಿಸಿದ್ದು ಸುಧಾರಣೆ.
ಕಡತದ ಬೆಟ್ಟ ಕರಗಲಿ,
ತಡವಾದ ನ್ಯಾಯ ನ್ಯಾಯವಲ್ಲ ಎಂದು
ನಾನೂ ಎರಡು ಪುಟದ ಟಿಪ್ಪಣಿ ಬರೆದವಳೇ.
ಅದು ಜಾರಿಗೆ ಬಂದ ದಿನ ಕ್ಯಾಂಟೀನಿನಲ್ಲಿ
ಯಾರೋ ನಿಂಬೆಯ ಕೇಕು ತಂದಿದ್ದರು.
ರುಚಿಯಾಗಿತ್ತು.

ಆ ಮೂರು ದಿನ ಅವನು ಏನು ಮಾಡುತ್ತಿದ್ದ?
ಸ್ಟಾಂಪು ಸಿಗಲಿಲ್ಲವೇ?
ಅಥವಾ ಹಳೆ ಕೋಣೆಯ ಅಳತೆಯಲ್ಲಿ ಅನುಮಾನ ಬಂದು,
ಅಲ್ಲಿ ಉಳಿದವರಿಗೆ ಹೇಳಿ ಕಳಿಸಿ,
ಗಂಟು ಬಿಚ್ಚಿ ಮತ್ತೆ ಕಟ್ಟಿದನೇ?
ಎರಡನೆಯ ಗಂಟಿನ ಪಕ್ಕ ಉಣ್ಣೆ ತುಸು ಸವೆದಿದೆ.
ಅದು ಯಾವ ಕಲಮಿನಡಿಯೂ ಬರುವುದಿಲ್ಲ.

ಉತ್ತರ ಒಂದೇ ಪುಟ. ಒಬ್ಬರೇ ನ್ಯಾಯಾಧೀಶರ ಸಹಿ.
ಗಡುವು ಮೀರಿದೆ, ಅಂಗೀಕಾರಾರ್ಹವಲ್ಲ, ಮೇಲ್ಮನವಿಗೆ ಅವಕಾಶವಿಲ್ಲ.
ಕಡತ ಒಂದು ವರ್ಷ ಇರುತ್ತದೆ, ಆಮೇಲೆ ನಾಶ.
"ನಾಶ" ಎಂಬಲ್ಲಿ ಬೇರೆ ಪದ ಹುಡುಕಿದೆ.
ನಮ್ಮ ಭಾಷೆಯಲ್ಲಿ ಇರುವುದು ಅದೊಂದೇ.

ಸ್ಕ್ಯಾನಿಂಗಿನ ಓಸ್ಟರ್‌ಟಾಗ್ ಮೇಲೆ ಬಂದ, ದಾರ ಹಿಡಿದು.
"ಮೇಡಂ, ಇದು ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ.
ಫೋಟೋ ತೆಗೆದರೆ ಮಗು ಗೀಚಿದ ಹಾಗೆ ಕಾಣುತ್ತದೆ.
ಪಟ್ಟಿಯಲ್ಲಿ ಏನಂತ ಬರೆಯಲಿ?"
ದಾರ, ಒಂದು, ಎಂದೆ.
"ಉದ್ದ?"
ಅವನಿಗೆ ಅಳತೆ ಹೇಳಲು ಹೋಗಿ
ನಾನು ಎಷ್ಟು ಜಗ್ಗಿದ್ದೆನೋ ಎಂದು ಅನುಮಾನ ಬಂತು.

ಸಂಜೆ ಲಿಫ್ಟಿನಲ್ಲಿ ನಾನೊಬ್ಬಳೇ.
ಹಿತ್ತಾಳೆ ಫಲಕ: ಎಂಟು ಜನ, ಆರುನೂರ ಮೂವತ್ತು ಕಿಲೋ.
ನೆಲಮಹಡಿಗೆ ಹನ್ನೊಂದು ಸೆಕೆಂಡು.